ಹಿಂಗಾಲು ಸೋತ ಮುದಿ ಮೊಲ: ನಾನು ನೋಡಿಕೊಳ್ಳುವ ಬಗೆ

ಮೊಲಕ್ಕೆ ಏಳೆಂಟು ವರ್ಷ ದಾಟಿದ ಮೇಲೆ ಹಿಂಗಾಲಿನ ಕೀಲು, ಸೊಂಟದ ಬೆನ್ನೆಲುಬು ಸವೆಯುವುದು ಸಾಮಾನ್ಯ. ಕುಂಟುವುದು ಕಾಣುವ ಮೊದಲೇ ಬೇರೆ ಗುರುತುಗಳು ಸಿಗುತ್ತವೆ. ಕಿವಿ ಕೆರೆದುಕೊಳ್ಳಲು ಎತ್ತಿದ ಕಾಲು ಕಿವಿಗೆ ಮುಟ್ಟದೆ, ಗಾಳಿಯಲ್ಲೇ ನಾಲ್ಕು ಸಲ ಆಡಿ ಕೆಳಗಿಳಿಯುತ್ತದೆ. ಉಚ್ಚೆ, ಹಿಕ್ಕೆಗೆಂದು ಇಟ್ಟ ಟ್ರೇಯ ಅಂಚಿನ ಮುಂದೆ ಮೊಲ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಪಕ್ಕದಲ್ಲೇ ಉಚ್ಚೆ ಹೊಯ್ಯುತ್ತದೆ. ಇದನ್ನು ಹಟ ಎಂದುಕೊಂಡು ಗದರುವವರಿದ್ದಾರೆ. ಪಾಪ, ಅದಕ್ಕೆ ನೋವು.

ಕಾಲು ಸೋತರೂ ಮೊಲ ಚೆನ್ನಾಗಿಯೇ ಬದುಕಬಲ್ಲದು, ಒದ್ದೆಯಲ್ಲಿ ಕೂತರೆ ಬಹಳ ದಿನ ಬದುಕದು. ಹಾಗಾಗಿ ನನ್ನ ದಿನಚರಿಯೆಲ್ಲ ಅದರ ಹಿಂಬದಿಯನ್ನು ಒಣಗಿಸಿಡುವುದರ ಸುತ್ತಲೇ ತಿರುಗುತ್ತದೆ.

ಮನೆಯಲ್ಲಿ ಏನನ್ನೂ ಬದಲಿಸುವ ಮುಂಚೆ ವೈದ್ಯರಿಗೆ ತೋರಿಸಬೇಕು. ಸಂಧಿವಾತ, ಇ. ಕ್ಯುನಿಕ್ಯುಲಿ ಎಂಬ ಪರಾವಲಂಬಿ, ಪಾದದ ಹುಣ್ಣು, ಮೂತ್ರಕೋಶದ ಕಲ್ಲು, ಬರೀ ಉದ್ದ ಬೆಳೆದ ಉಗುರು – ಹೊರಗಿನಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಇ. ಕ್ಯುನಿಕ್ಯುಲಿಗೆ ಸಾಮಾನ್ಯವಾಗಿ 28 ದಿನ ಹುಳುವಿನ ಔಷಧವಾದ ಫೆನ್‌ಬೆಂಡಜೋಲ್ ಕೊಡುತ್ತಾರೆ. ಸಂಧಿವಾತಕ್ಕೆ ಅದರಿಂದ ಏನೂ ಆಗದು. ನಿನ್ನೆ ಓಡಾಡುತ್ತಿದ್ದ ಮೊಲ ಇವತ್ತು ಎರಡೂ ಹಿಂಗಾಲು ಎಳೆಯುತ್ತಿದ್ದರೆ ಬೆನ್ನೆಲುಬು ಮುರಿದಿರಬಹುದು. ಅದು ಕಾಯುವ ವಿಷಯವೇ ಅಲ್ಲ.

ನೆಲದ ಮಾತಿಗೆ ಬರೋಣ. ಮೊಲದ ಪಾದಕ್ಕೆ ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ನುಣುಪಾದ ಟೈಲ್ಸ್ ಮೇಲೆ ಕಾಲು ಅಗಲಕ್ಕೆ ಜಾರಿ, ಇದ್ದ ಸ್ವಲ್ಪ ಸ್ನಾಯುವೂ ಉಳುಕುತ್ತದೆ. ನಾನು ಮೂರು ಪದರ ಹಾಸುತ್ತೇನೆ: ತಳದಲ್ಲಿ ಯೋಗ ಮ್ಯಾಟ್, ಅದರ ಮೇಲೆ ಒಗೆದು ಬಳಸುವ ಹೀರುವ ಪ್ಯಾಡ್, ಮೇಲೆ ಫ್ಲೀಸ್ ಎಂಬ ಮೆತ್ತನೆ ಸಿಂಥೆಟಿಕ್ ಬಟ್ಟೆ. ಮ್ಯಾಟಿನ ಅಂಚು ಕಾಣುವಂತಿದ್ದರೆ ಮೊಲ ಕಡಿದು ನುಂಗುತ್ತದೆ, ಆದ್ದರಿಂದ ಫ್ಲೀಸನ್ನು ಕೆಳಕ್ಕೆ ಮಡಚಿ ಸಿಕ್ಕಿಸಬೇಕು. ಹೊಸ ಫ್ಲೀಸ್ ನೀರನ್ನು ಹೀರುವುದಿಲ್ಲ, ಹನಿ ಮೇಲೆಯೇ ನಿಲ್ಲುತ್ತದೆ. ನಾಲ್ಕೈದು ಸಲ ಬಿಸಿನೀರಿನಲ್ಲಿ ಒಗೆದ ಮೇಲೆಯೇ ಉಚ್ಚೆ ಕೆಳಗಿನ ಪ್ಯಾಡಿಗೆ ಇಳಿದು ಮೇಲ್ಮೈ ಒಣಗಿರುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದಿರೋ, ಮತ್ತೆ ಮೊದಲಿನಂತೆಯೇ. ಟರ್ಕಿ ಟವೆಲ್ ಹಾಸಬೇಡಿ. ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿ ಕಿತ್ತುಬರುತ್ತದೆ.

ಟ್ರೇಯ ಒಂದು ಬದಿಯನ್ನು 3 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿದ್ದೇನೆ. ಟ್ರೇಗೆ ತುಂಬುವ ಕಾಗದದ ಗುಳಿಗೆಗಳು ಗಟ್ಟಿ, ಹಿಮ್ಮಡಿಗೆ ಒತ್ತುತ್ತವೆ. ಅವುಗಳ ಮೇಲೆ ಒಂದು ಹಿಡಿಗಾತ್ರ ದಪ್ಪಕ್ಕೆ ಒಣಹುಲ್ಲು ಹರಡಿದರೆ ಮೊಲ ತಿನ್ನುತ್ತಲೇ ಅಲ್ಲಿ ಕೂರುತ್ತದೆ. 3 ಸೆಂ.ಮೀ. ಕೂಡ ದಾಟಲಾಗದ ದಿನ ಬರುತ್ತದೆ. ಆಗ ಟ್ರೇಯನ್ನು ಎತ್ತಿಟ್ಟು, ಹಾಸಿಗೆಯೆಲ್ಲ ಟ್ರೇ ಎಂದೇ ಲೆಕ್ಕ ಹಿಡಿದು ದಿನಕ್ಕೆ ಎರಡು ಸಲ ಫ್ಲೀಸ್ ಬದಲಿಸುತ್ತೇನೆ.

ಇನ್ನು ಹಿಂಬದಿ. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಬಾಲ ಎತ್ತಿ ನೋಡುವುದು ತಪ್ಪಬಾರದು. ಉಚ್ಚೆ ನಿಂತ ಕಡೆ ಚರ್ಮ ಮೊದಲು ಗುಲಾಬಿಯಾಗುತ್ತದೆ, ಆಮೇಲೆ ಕೂದಲು ಉದುರುತ್ತದೆ, ಆಮೇಲೆ ಸುಟ್ಟ ಗಾಯದಂತೆ ಒಸರುತ್ತದೆ. ಗುಲಾಬಿ ಹಂತದಲ್ಲೇ ಹಿಡಿದರೆ ಬೇಗ ವಾಸಿಯಾಗುತ್ತದೆ. ತೊಳೆಯುವ ಕ್ರಮ ಹೀಗೆ: ಅಗಲ ಬೇಸಿನ್ನಿನ ತಳಕ್ಕೆ ಬಟ್ಟೆ ಹಾಸಿ, ಎರಡು ಬೆರಳಿನಷ್ಟು ಉಗುರುಬೆಚ್ಚಗಿನ ನೀರು ತುಂಬಿ, ಮುಂಗಾಲನ್ನು ಹೊರಗಿನ ಮೆತ್ತನೆ ಅಂಚಿನ ಮೇಲೆ ಇರಿಸಿ, ಹಿಂಬದಿ ಮಾತ್ರ ನೀರಿಗೆ. ಪೂರ್ತಿ ಸ್ನಾನ ಮಾಡಿಸಿದರೆ ಮೊಲ ಹೆದರಿ, ಚಳಿ ಹಿಡಿದು ಕುಸಿದುಬಿಡಬಹುದು. ಅಂಟಿದ್ದು ನೆನೆದು ತಾನಾಗಿ ಬಿಡುವವರೆಗೆ ಬೆರಳಿನಿಂದ ನೀರು ಹಾಯಿಸುತ್ತಿರಬೇಕು, ಎಳೆಯಬಾರದು. ಗಂಟುಕಟ್ಟಿದ ಕೂದಲಿಗೆ ಕತ್ತರಿ ಖಂಡಿತ ಬೇಡ. ಮೊಲದ ಚರ್ಮ ಕಾಗದದಂತೆ ತೆಳ್ಳಗೆ, ಕೂದಲಿನ ಜೊತೆ ಎದ್ದುಬಂದು ಕತ್ತರಿಗೆ ಸಿಕ್ಕಿಬಿಡುತ್ತದೆ.

ತೊಳೆಯುವುದಕ್ಕಿಂತ ಒಣಗಿಸಲು ಹೆಚ್ಚು ಹೊತ್ತು ಬೇಕು. ಒತ್ತಿ ಒರೆಸಿ, ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಗೆ ಇಟ್ಟು, ನಡುವೆ ನನ್ನ ಕೈ ಇರಿಸಿಕೊಂಡು ಬುಡದ ತನಕ ಒಣಗಿಸುತ್ತೇನೆ. ಮೇಲೆ ಒಣಗಿದಂತೆ ಕಂಡು ಬುಡ ತೇವವಾಗಿದ್ದರೆ ತೊಳೆಯದೆ ಬಿಟ್ಟಿದ್ದಕ್ಕಿಂತ ಕೆಡುಕು. ಸ್ವಲ್ಪವೇ ಅಂಟಿದ್ದರೆ ನೀರೇ ಬೇಡ: ಕಾರ್ನ್‌ಫ್ಲೋರ್ ಉದುರಿಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಿಡಿಸಿದರಾಯಿತು. ಟಾಲ್ಕಂ ಪೌಡರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳ ಡೈಪರ್ ಮುಲಾಮುಗಳಲ್ಲಿ ಜಿಂಕ್ ಇರುತ್ತದೆ, ಮೊಲ ಅದನ್ನು ನೆಕ್ಕುತ್ತದೆ, ಅದೂ ಬೇಡ. ಡೈಪರನ್ನೇ ತೊಡಿಸುವವರೂ ಇದ್ದಾರೆ. ನನಗದು ಒಗ್ಗದು: ಒಳಗೆ ಸೆಕೆ, ಹಿಕ್ಕೆ ಚರ್ಮಕ್ಕೇ ಮೆತ್ತಿಕೊಳ್ಳುತ್ತದೆ.

ಕೊಳಕು ಹಿಂಬದಿಗೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದೊಳಗೆ ಹುಳುವಾಗಿ ಜೀವಂತ ಮಾಂಸವನ್ನೇ ತಿನ್ನತೊಡಗುತ್ತವೆ. ಹುಳು ಕಂಡರೆ ಅದೇ ಗಳಿಗೆ ವೈದ್ಯರ ಬಳಿಗೆ. ನಾಯಿಯ ಚಿಗಟ, ಉಣ್ಣೆಗೆ ಬಳಸುವ ಫಿಪ್ರೋನಿಲ್ ಹನಿಯನ್ನು ಮೊಲಕ್ಕೆ ಎಂದೂ ಹಾಕಬೇಡಿ, ಅದು ವಿಷ.

ಅಂಟುವುದೆಲ್ಲ ಭೇದಿಯಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ದುಂಡನೆಯ ಗಟ್ಟಿ ಹಿಕ್ಕೆ ಒಂದು. ದ್ರಾಕ್ಷಿ ಗೊಂಚಲಿನಂತೆ ಮೆತ್ತಗೆ, ಮಿರುಗುವ ಇನ್ನೊಂದು. ಈ ಎರಡನೆಯದನ್ನು ಹೊರಬರುತ್ತಿದ್ದಂತೆ ಬಾಗಿ ನೇರ ಬಾಯಿಂದಲೇ ತೆಗೆದು ತಿನ್ನುತ್ತದೆ, ಬಿ ಜೀವಸತ್ವ ಸಿಗುವುದು ಅದರಿಂದ. ಸೊಂಟ ಬಾಗದ ಮೊಲ ಅದರ ಮೇಲೆಯೇ ಕೂತುಬಿಡುತ್ತದೆ. ನಾನು ಅದನ್ನು ಹೆಕ್ಕಿ ಬಾಯ ಹತ್ತಿರ ಹಿಡಿಯುತ್ತೇನೆ, ಹೆಚ್ಚಿನ ಸಲ ತಿನ್ನುತ್ತದೆ. ಮೆತ್ತನೆ ಹಿಕ್ಕೆ ಹೀಗೆ ಉಳಿಯುವುದು ಅತಿಯಾದರೆ ಗುಳಿಗೆ ಆಹಾರ, ಹಣ್ಣು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕು.

ತಾನೇ ಮಾಡಿಕೊಳ್ಳುತ್ತಿದ್ದ ಉಳಿದ ಕೆಲಸಗಳೂ ನಮ್ಮ ಪಾಲಿಗೆ ಬರುತ್ತವೆ. ವಾರಕ್ಕೊಮ್ಮೆ ಕಿವಿಯ ಹೊರಭಾಗದಲ್ಲಿ ಕಾಣುವ ಗುಗ್ಗೆಯನ್ನು ಒದ್ದೆ ಹತ್ತಿಯಿಂದ ಒರೆಸುತ್ತೇನೆ. ಒಳಗೆ ಕಡ್ಡಿ ಹಾಕುವುದಿಲ್ಲ. ಓಡಾಟವಿಲ್ಲದೆ ಉಗುರು ಸವೆಯುವುದಿಲ್ಲ, ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕು. ಉದ್ದ ಉಗುರು ಪಾದವನ್ನು ಹಿಂದಕ್ಕೆ ದೂಡಿ, ಭಾರವೆಲ್ಲ ಹಿಮ್ಮಡಿಗೆ ಬಿದ್ದು ಹುಣ್ಣಾಗುತ್ತದೆ. ಹಿಮ್ಮಡಿಯಲ್ಲಿ ಕೂದಲು ಉದುರಿ ಕೆಂಪು ಕಂಡರೆ ಹಾಸಿಗೆ ಸಾಲದು ಎಂದರ್ಥ.

ಸಿಪ್ಪರ್ ಬಾಟಲಿಗೆ ಕತ್ತೆತ್ತಲು ಮುದಿ ಮೊಲಕ್ಕೆ ಕಷ್ಟ. ಭಾರದ ಪಿಂಗಾಣಿ ಬಟ್ಟಲನ್ನು ಎದೆಯ ಮಟ್ಟಕ್ಕೆ ಇಡುತ್ತೇನೆ. ಹುಲ್ಲು ಮಲಗಿದ ಕಡೆಯೇ ಬಾಯಿಗೆ ಸಿಗುವಂತಿರಬೇಕು. ತೂಕ ಇಳಿದಿದೆಯೆಂದು ಕುದುರೆಮಸಾಲೆ ಹುಲ್ಲು ಕೊಡಲು ಹೊರಟರೆ ಉಚ್ಚೆ ಸುಣ್ಣದ ಬಗ್ಗಡದಂತೆ ಗಟ್ಟಿಯಾಗುವುದನ್ನು ನೋಡಬೇಕಾದೀತು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಕುಳಿತೇ ಇರುವ ಮೊಲದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಅದು ತಳದಲ್ಲಿ ಕೂರುತ್ತದೆ.

ನೋವಿಗೆ ವೈದ್ಯರು ಹೆಚ್ಚಾಗಿ ಕೊಡುವುದು ಮೆಲಾಕ್ಸಿಕ್ಯಾಮ್ ದ್ರವ. ಅದು ಮಿ.ಲೀ.ಗೆ 0.5 ಮಿ.ಗ್ರಾಂ. ಮತ್ತು 1.5 ಮಿ.ಗ್ರಾಂ. ಎಂದು ಎರಡು ಸಾಂದ್ರತೆಯಲ್ಲಿ ಬರುತ್ತದೆ. ಬಾಟಲಿ ಬದಲಾದದ್ದು ಗಮನಕ್ಕೆ ಬಾರದೆ ಅದೇ ಅಳತೆ ಹಾಕಿದರೆ ಡೋಸ್ ಮೂರು ಪಟ್ಟು, ಇಲ್ಲವೇ ಮೂರರಲ್ಲಿ ಒಂದು ಪಾಲು. ಪ್ರತಿ ಸಲ ಲೇಬಲ್ ಓದುವುದನ್ನು ರೂಢಿ ಮಾಡಿಕೊಳ್ಳಿ. ಮೂತ್ರಪಿಂಡದ ರಕ್ತಪರೀಕ್ಷೆ ಆಗಾಗ ಆಗಬೇಕು. ನಾಯಿಯ ಡೋಸನ್ನು ಹಿಡಿದು ಲೆಕ್ಕ ಹಾಕಬೇಡಿ, ಮೊಲಕ್ಕೆ ತೂಕಕ್ಕೆ ತಕ್ಕಂತೆ ಬೇಕಾಗುವ ಪ್ರಮಾಣವೇ ಬೇರೆ.

ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಪೃಷ್ಠದಡಿ, ಬೆನ್ನು ನನ್ನ ಮೈಗೆ ತಾಗಿರಬೇಕು. ಹಿಂಬದಿ ಜೋಲುಬಿದ್ದು ಒಂದು ಸಲ ಒದ್ದರೂ ಸೊಂಟದ ಬೆನ್ನೆಲುಬು ಮುರಿದೀತು. ದಿನಕ್ಕೆ ಎರಡು ಸಲ, ನೋವಿನ ಔಷಧ ಕೊಟ್ಟು ಒಂದು ಗಂಟೆಯಾದ ಮೇಲೆ, ಸುತ್ತಿದ ಟವೆಲನ್ನು ಹೊಟ್ಟೆಯಡಿ ಇಟ್ಟು ಒಂದೆರಡು ನಿಮಿಷ ನಿಲ್ಲಿಸುತ್ತೇನೆ. ಎಂಟು ಹತ್ತು ಸಲ ಪ್ರತಿ ಹಿಂಗಾಲನ್ನು ನಿಧಾನಕ್ಕೆ ಮಡಚಿ ಚಾಚಿಸುತ್ತೇನೆ, ತಡೆದ ಕಡೆ ನಿಲ್ಲಿಸುತ್ತೇನೆ. ಏಳಲಾಗದ ಮೊಲವನ್ನು ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ. 2 ಕೆ.ಜಿ. ಮೊಲ ವಾರದಲ್ಲಿ 100 ಗ್ರಾಂ. ಇಳಿದರೆ ಬಾಯಿ, ಹಲ್ಲು ನೋಡಿಸುತ್ತೇನೆ. ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಕರುಳು ನಿಲ್ಲುತ್ತಿದೆ ಎಂದೇ ತಿಳಿದು ಹೊರಡುವುದು.

ಜೊತೆಗಾರ ಮೊಲವಿದ್ದರೆ ಅದನ್ನು ಬೇರೆಡೆ ಕೂಡಿಹಾಕಬೇಡಿ. ಕಣ್ಣು, ಮುಖ ನೆಕ್ಕಿ ಶುಚಿ ಮಾಡುವ ಅರ್ಧ ಕೆಲಸ ಅದೇ ಮಾಡುತ್ತದೆ. ವೈದ್ಯರ ಬಳಿಗೂ ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯುತ್ತೇನೆ. ಒಂದನ್ನೇ ಒಯ್ದು ತಂದರೆ ಆಸ್ಪತ್ರೆಯ ವಾಸನೆಗೆ ಇನ್ನೊಂದು ಕಚ್ಚಲು ಬರುವುದುಂಟು, ಓಡಲಾಗದ್ದು ಪೆಟ್ಟು ತಿನ್ನುತ್ತದೆ.