ಹುಂಡರ್‌ನ ಮುಸ್ಸಂಜೆ: ಒಂಟೆಗಳು ಹೋದ ಮೇಲೆ ಫೋಟೊ ತೆಗೆಯಿರಿ

ಲಡಾಖ್‌ನ ನುಬ್ರಾ ಕಣಿವೆಯ ಹುಂಡರ್‌ನಲ್ಲಿ ಸಂಜೆ ಆಗುವುದೇ ಹೀಗೆ. ಎರಡು ಡುಬ್ಬದ ಒಂಟೆ ಸವಾರಿ ಮುಗಿಯುತ್ತದೆ. ಮರಳಿನ ಮೇಲಿನ ಬಿಸಿಲು ಜಾರುತ್ತದೆ. ಜನ ‘ಇನ್ನೇನಿದೆ’ ಎಂದು ಟ್ಯಾಕ್ಸಿ ಹತ್ತುತ್ತಾರೆ. ಬೆಟ್ಟಕ್ಕೆ ಬಣ್ಣ ಏರುವುದೇ ಆಮೇಲೆ!

ಮೊದಲು ಸಮಯ ನೋಡಿಕೊಳ್ಳಿ. ಲೇಹ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಆದರೂ ಜೂನ್‌ನಲ್ಲಿ ಆ ಕಡೆ ಸೂರ್ಯ ಮುಳುಗುವುದು ಬೆಂಗಳೂರಿಗಿಂತ ಸುಮಾರು ಮುಕ್ಕಾಲು ಗಂಟೆ ತಡ, ಏಳೂವರೆ ಹೊತ್ತಿಗೆ. ಮುಸ್ಸಂಜೆಯೂ ಜಾಸ್ತಿ ಹೊತ್ತು ಉಳಿಯುತ್ತದೆ. ಆದರೆ ಸುತ್ತ ಬೆಟ್ಟ ಅಲ್ವಾ, ಕಣಿವೆಗೆ ನೆರಳು ಬೇಗ ಬೀಳುತ್ತದೆ. ಆ್ಯಪ್ ಹೇಳುವ ಸೂರ್ಯಾಸ್ತದ ಸಮಯಕ್ಕಿಂತ ಒಂದೂವರೆ ಗಂಟೆ ಮೊದಲೇ ಅಲ್ಲಿರಿ.

ಒಂಟೆಗಳ ಜಾಗ ಬಿಟ್ಟು ಸ್ವಲ್ಪ ದೂರ ನಡೆದು, ಹೆಜ್ಜೆ ಬೀಳದ ಮರಳು ಹುಡುಕಿ. ಟ್ರೈಪಾಡ್ ಕಾಲುಗಳನ್ನು ಮರಳಿಗೆ ಗಟ್ಟಿಯಾಗಿ ಒತ್ತಿ. ಗಾಳಿಗೆ ನಡುಗುವ ಅಗ್ಗದ ಟ್ರೈಪಾಡ್‌ಗಿಂತ ಬ್ಯಾಗ್ ಮೇಲೆ ಕ್ಯಾಮೆರಾ ಇಡುವುದೇ ವಾಸಿ. ಲೆನ್ಸ್ ರೂಮಿನಲ್ಲೇ ಹಾಕಿಕೊಂಡು ಬನ್ನಿ. ನಾನೊಮ್ಮೆ ಮರಳಲ್ಲಿ ನಿಂತು ಲೆನ್ಸ್ ಬದಲಿಸಿದೆ. ಊರಿಗೆ ಬಂದು ನೋಡಿದರೆ ಎಲ್ಲ ಫೋಟೊಗಳ ಆಕಾಶದಲ್ಲೂ ಒಂದೇ ಕಡೆ ಮೂರು ಕಪ್ಪು ಚುಕ್ಕಿ, ಒಳಗೆ ಹೊಕ್ಕ ಧೂಳು.

ಬೆಳಕಿರುವಾಗಲೇ ದೂರದ ಬೆಟ್ಟದ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ತಿರುಗಿಸಿ. ಮತ್ತೆ ಮುಟ್ಟಬೇಡಿ.

ಇನ್ನು ಎಲ್ಲರೂ ಎಡವುವ ಹಂತ, ಬೆಳಕಿನ ಲೆಕ್ಕ. ಕ್ಯಾಮೆರಾದ ಆಟೊಗೆ ಮುಸ್ಸಂಜೆ ಎಂದರೆ ಸರಿಪಡಿಸಬೇಕಾದ ತಪ್ಪು. ಕತ್ತಲು ಕಂಡರೆ ಬೆಳಗಿಸುತ್ತದೆ, ನೀಲಿ ಕಂಡರೆ ಹಳದಿ ಬೆರೆಸುತ್ತದೆ. ಕೊನೆಗೆ ಸಿಗುವುದು ಮಂಕಾದ ಮಧ್ಯಾಹ್ನ. ಅದಕ್ಕೇ ಮ್ಯಾನ್ಯುಯಲ್ ಮೋಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್ 8, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಡೇಲೈಟ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಇಷ್ಟನ್ನು ಇಟ್ಟುಬಿಡಿ, ಶಟರ್ (ಬೆಳಕು ಒಳಬಿಡುವ ಸಮಯ) ಒಂದನ್ನೇ ಬದಲಿಸುತ್ತಾ ಹೋಗಿ. ಸೂರ್ಯ ಮುಳುಗುವಾಗ 1/60 ಸೆಕೆಂಡ್ ಸಾಕಾಗಿದ್ದಕ್ಕೆ ಹತ್ತು ನಿಮಿಷದಲ್ಲಿ 1/4 ಬೇಕು, ಇಪ್ಪತ್ತು ನಿಮಿಷಕ್ಕೆ ಎರಡು ಸೆಕೆಂಡ್. ಇದು ಅಂದಾಜು ಮಾತ್ರ. ಕ್ಯಾಮೆರಾ ಬೆನ್ನಿನ ಸ್ಕ್ರೀನ್ ನೋಡಿ ತೀರ್ಮಾನಿಸಬೇಡಿ. ಕತ್ತಲಲ್ಲಿ ಅದು ದೀಪದ ಹಾಗೆ ಹೊಳೆಯುತ್ತದೆ, ‘ಆಹಾ’ ಎಂದು ಮೆಚ್ಚಿದ ಫೋಟೊ ಮನೆಯಲ್ಲಿ ಬರೀ ಮಸಿ. ಹಿಸ್ಟೋಗ್ರಾಮ್ ತೆರೆಯಿರಿ, ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ತೋರಿಸುವ ನಕ್ಷೆ ಅದು. ಅದರ ಗುಡ್ಡ ನಡುವಿಗಿಂತ ಸ್ವಲ್ಪ ಎಡಕ್ಕಿರಲಿ, ಆದರೆ ಎಡಗೋಡೆಗೆ ಒರಗಬಾರದು. ಅನುಮಾನವಿದ್ದರೆ ಒಂದು ಹೆಚ್ಚು, ಒಂದು ಕಡಿಮೆ ಬೆಳಕಿನದೂ ತೆಗೆದಿಡಿ. ಆಕಾಶವನ್ನು ಮಾತ್ರ ಕಪ್ಪಾಗಿಸುವ ಅಗ್ಗದ ಫಿಲ್ಟರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಬೆಟ್ಟಕ್ಕೆಲ್ಲ ನೇರಳೆ ಬಳಿಯುತ್ತದೆ.

ಗುಂಡಿ ಒತ್ತಿದಾಗ ಕ್ಯಾಮೆರಾ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಹಾಕಿ, ಕೈನಡುಕ ಸರಿಪಡಿಸುವ ಇಮೇಜ್ ಸ್ಟೆಬಿಲೈಸರ್ ಆಫ್ ಮಾಡಿ.

ಇನ್ನೊಂದು ಮಾತು. ಪಡುವಣಕ್ಕೆ ಬೆನ್ನು ಮಾಡಿ ನಿಲ್ಲಿ. ಎದುರಿಗೆ ಬೆಟ್ಟ ತಗ್ಗಿರುವ ಕಡೆ, ಆಕಾಶದಲ್ಲಿ ತೆಳು ಗುಲಾಬಿ ಪಟ್ಟಿ, ಅದರ ಕೆಳಗೆ ಬೂದು ನೀಲಿ ಕಾಣುತ್ತದೆ. ಆ ನೀಲಿ ನಮ್ಮ ಭೂಮಿಯದೇ ನೆರಳು. ಕೆಲವೇ ನಿಮಿಷ ಇರುತ್ತದೆ. ನನಗಂತೂ ಕೆಂಪು ಸೂರ್ಯನಿಗಿಂತ ಇದೇ ಇಷ್ಟ.

ಮೊಬೈಲ್ ಆದರೆ ಬೆಟ್ಟದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆಳೆಯಿರಿ. ನೈಟ್ ಮೋಡ್ ಬೇಡ.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಟಾರ್ಚ್ ಒಯ್ಯಿರಿ. ಎಂಟೂಕಾಲರ ತನಕ ಕಾಯಬೇಕೆಂದು ಟ್ಯಾಕ್ಸಿಯವರಿಗೆ ಹೊರಡುವ ಮೊದಲೇ ಹೇಳಿಬಿಡಿ.