ಹಡಗಿನ ಡಿನ್ನರಿಗೆ ಒಂದೇ ಬಂದ್‌ಗಲಾ: ಹೊಲಿದು, ಹಾಕಿ ನೋಡಿದ ನನ್ನ ಅನುಭವ

ಟಕ್ಸಿಡೊ ಬೇಡ, ಟೈ ಬೇಡ, ಇಸ್ತ್ರಿಪೆಟ್ಟಿಗೆಯ ಮುಖ ನೋಡುವುದೂ ಬೇಡ, ಗಂಟಲವರೆಗೆ ಮುಚ್ಚುವ ನಿಂತ ಕಾಲರಿನ ಕೋಟು, ಅಂದರೆ ಒಂದು ಬಂದ್‌ಗಲಾ ಇದ್ದರೆ ಕ್ರೂಸ್ ಹಡಗಿನ ಗಾಲಾ ಡಿನ್ನರಿಗೆ ಮರ್ಯಾದೆಯಾಗಿ ಹೋಗಿ ಕೂತುಕೊಳ್ಳಬಹುದು ಎಂದು ನಾನು ಹೇಳುತ್ತಿದ್ದಾಗ ಮಂಗಳೂರು ಹಂಪನಕಟ್ಟೆಯ ನಮ್ಮ ಟೈಲರ್ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಒಂದು ಬಂದ್‌ಗಲಾ, ಎರಡು ಪ್ಯಾಂಟು, ಮೂರು ಶರ್ಟು. ವಾರದ ಪ್ರಯಾಣದ ರಾತ್ರಿಯೂಟಗಳಿಗೆ ಇಷ್ಟೇ ಸಾಕು, ಅದೂ ವಿಮಾನದ ಕೈಚೀಲದಲ್ಲೇ ಹಿಡಿಯಬೇಕು ಎಂಬುದು ನನ್ನ ಹಟ. ಈಗ ಆ ಸೆಟ್ಟು ಹಾಕಿಕೊಂಡು ಹೋಗಿ ಬಂದ ಗಿರಾಕಿಗಳೇ ಮೂವತ್ತಕ್ಕೆ ಕಡಿಮೆ ಇಲ್ಲ. ನಾನೂ ನನ್ನ ಹೆಂಡತಿಯೂ ದುಬೈಯಿಂದ ಹೊರಡುವ ಹಡಗಿನಲ್ಲಿ ಹಾಕಿ ನೋಡಿ ಬಂದೆವು. ಆದ್ದರಿಂದ ಬರೆಯುತ್ತಿದ್ದೇನೆ. ಕತ್ತರಿ, ಟೇಪು ಹಿಡಿದವರಿಗೇ ಬರೆಯುತ್ತಿರುವುದರಿಂದ ಬಂದ್‌ಗಲಾ ಕಟ್ಟಿಂಗ್ ಹೇಗೆ ಎಂದು ಹೇಳುತ್ತ ಕೂರುವುದಿಲ್ಲ.

ಈ ಆರ್ಡರ್‌ಗಳು ಬರತೊಡಗಿದ್ದು ಬ್ಯಾಂಕಿನಿಂದ ನಿವೃತ್ತರಾದವರಿಂದ. ನಮ್ಮ ಜಿಲ್ಲೆಯಲ್ಲಿ ಅವರಿಗೆ ಬರವಿಲ್ಲ. ಮಗನೋ ಮಗಳೋ ಗಲ್ಫಿನಲ್ಲಿರುತ್ತಾರೆ. ಚಳಿಗಾಲದಲ್ಲಿ ದುಬೈ, ಅಬುಧಾಬಿಯಿಂದ ಹೊರಡುವ ಹಡಗಿಗೆ ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುತ್ತಾರೆ. ಏಜೆಂಟ್ ಕೊಟ್ಟ ಕಾಗದದಲ್ಲಿ 'ಫಾರ್ಮಲ್ ನೈಟ್ 2', ಅಂದರೆ ಗಾಲಾ ರಾತ್ರಿ ಎರಡು, ಎಂದು ಕಂಡದ್ದೇ ಇವರು ಗಾಬರಿಯಾಗಿ ಅಂಗಡಿಗೆ ಬರುತ್ತಾರೆ. ಸೂಟು ಹೊಲಿಯುವುದು ಮಂಗಳೂರಿಗೆ ಹೊಸತಲ್ಲ. ಕ್ರಿಶ್ಚಿಯನ್ ಮದುವೆಗಳ ದಯೆಯಿಂದ ಇಲ್ಲಿನ ಸೂಟ್ ಟೈಲರ್‌ಗಳ ಕೈ ಯಾವ ಊರಿಗೂ ಕಡಿಮೆಯಿಲ್ಲ. ಆದರೆ ಮದುವೆಯ ಸೂಟು ಹ್ಯಾಂಗರಿನಿಂದ ಇಳಿದು, ಹಾಲ್‌ನಲ್ಲಿ ನಾಲ್ಕು ಗಂಟೆ ನಿಂತು, ಮತ್ತೆ ಹ್ಯಾಂಗರಿಗೆ ಏರುತ್ತದೆ. ಹಡಗಿನ ಸೂಟು ಪೆಟ್ಟಿಗೆಯೊಳಗೆ ಎರಡು ದಿನ ಮುದುಡಿ ಬಿದ್ದು ಹೊರಗೆ ಬರಬೇಕು. ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯೂ ಸ್ಟೀಮರೂ ನಿಷಿದ್ಧ, ಬೆಂಕಿಯ ಭಯ. ಚೀಲದಲ್ಲಿ ಕಂಡರೆ ತೆಗೆದಿಟ್ಟುಕೊಳ್ಳುತ್ತಾರೆ. ಕುನಾರ್ಡ್, ಪ್ರಿನ್ಸೆಸ್ ಕಂಪನಿಗಳ ಹಡಗುಗಳಲ್ಲಿ ಪ್ರಯಾಣಿಕರೇ ಇಸ್ತ್ರಿ ಮಾಡಿಕೊಳ್ಳುವ ಕೋಣೆ ಉಂಟು. ರಾಯಲ್ ಕೆರಿಬಿಯನ್‌ನಲ್ಲಿ ಅದೂ ಇಲ್ಲ, ಬಟ್ಟೆಯೊಂದಕ್ಕೆ ಇಷ್ಟು ಡಾಲರ್ ಎಂದು ಕೊಟ್ಟು ಮಾಡಿಸಬೇಕು. ಹಾಗಾಗಿ ಇಸ್ತ್ರಿ ಕೇಳದ ಕೋಟು ಹೊಲಿದವನು ಗೆದ್ದ.

ನಿಯಮದ ವಿಷಯ ಗಿರಾಕಿಗಿಂತ ಮೊದಲು ನಮಗೆ ಗೊತ್ತಿರಬೇಕು. ಎಲ್ಲ ಹಡಗಿಗೂ ಒಂದೇ ಕಾನೂನಿಲ್ಲ. ಕುನಾರ್ಡ್‌ನವರದ್ದು ಹಳೆಯ ಶಿಸ್ತು, ಸಂಜೆ ಆರರ ಮೇಲೆ ಉಡುಪಿನ ನಿಯಮ ಶುರು. ಗಾಲಾ ಸಂಜೆಗೆ ಡಿನ್ನರ್ ಜಾಕೆಟ್, ಅಂದರೆ ಟಕ್ಸಿಡೊ ಬೇಕು, ಇಲ್ಲವೇ ಗಾಢ ಬಣ್ಣದ ಸೂಟು. ಆದರೆ ಔಪಚಾರಿಕ ರಾಷ್ಟ್ರೀಯ ಉಡುಪು ನಡೆಯುತ್ತದೆ ಎಂಬುದೂ ಅವರ ನಿಯಮದಲ್ಲೇ ಇದೆ. ನನ್ನ ಬಂದ್‌ಗಲಾ ನಿಂತಿರುವುದು ಆ ಒಂದು ಸಾಲಿನ ಮೇಲೆ. ಸೆಲೆಬ್ರಿಟಿ ಎಂಬ ಕಂಪನಿಯವರು ಫಾರ್ಮಲ್ ಎಂಬುದನ್ನೇ ಬಿಟ್ಟು 'ಈವ್ನಿಂಗ್ ಚಿಕ್' ಎಂದು ಸಡಿಲ ಮಾಡಿದ್ದಾರೆ. ನಾರ್ವೀಜಿಯನ್ ಕಂಪನಿಯ ಹಡಗಿನಲ್ಲಿ ಕೋಟಿನ ಒತ್ತಾಯವೇ ಇಲ್ಲ. ಮುಖ್ಯ ಡೈನಿಂಗ್ ಹಾಲಿಗೆ ಚಡ್ಡಿ, ತೋಳಿಲ್ಲದ ಬನಿಯನ್, ರಬ್ಬರ್ ಚಪ್ಪಲಿ ಹೆಚ್ಚಿನ ಕಡೆ ನಡೆಯುವುದಿಲ್ಲ. ಬುಫೆಯಲ್ಲಿ ಉಣ್ಣುವವರನ್ನು ಯಾರೂ ಅಷ್ಟು ನೋಡುವುದಿಲ್ಲ. ಗಿರಾಕಿ ಬಂದ ಕೂಡಲೇ ಯಾವ ಕಂಪನಿ, ಎಷ್ಟು ರಾತ್ರಿ, ಗಾಲಾ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅಳತೆ ಆಮೇಲೆ.

ಇನ್ನು ಬಟ್ಟೆ. ನನ್ನ ಹಣ ಹೋದದ್ದೆಲ್ಲ ಇಲ್ಲೇ.

ಮೊದಲು ಲಿನನ್ ನೋಡಿದೆ. ನೋಡಲು ಚಂದ, ಸೆಕೆಗೂ ಹಿತ. ಆದರೆ ಅಂಗಡಿಯಿಂದ ಬಜಪೆ ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ಕೂತರೇ ಬೆನ್ನು ಪೂರ್ತಿ ಸುಕ್ಕು. ಅದನ್ನು ಅಲ್ಲಿಗೇ ಕೈಬಿಟ್ಟೆ. ಆಮೇಲೆ ಮೀಟರಿಗೆ ನಾನೂರೈವತ್ತರ ಸುಮಾರಿನ ಪಾಲಿ-ವಿಸ್ಕೋಸ್ ತೆಗೆದು, ಒಳಗೆ ಬಿಸಿಗೆ ಅಂಟುವ ಪದರ, ಅಂದರೆ ಫ್ಯೂಸಿಂಗ್ ಹಾಕಿ ನಾಲ್ಕೈದು ಕೋಟು ಹೊಲಿದೆ. ಸುಕ್ಕೇನೋ ಬೀಳಲಿಲ್ಲ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಫ್ಯೂಸಿಂಗ್ ಎದೆಯ ಭಾಗದಲ್ಲಿ ಗುಳ್ಳೆ ಎದ್ದಿತು. ಹಡಗಿನ ಡೈನಿಂಗ್ ಹಾಲಿನ ದೀಪಕ್ಕೆ, ಫೋಟೋದ ಫ್ಲಾಶಿಗೆ ಬಟ್ಟೆ ಮಿರಮಿರ ಹೊಳೆಯುತ್ತದೆ. ಗಾಲಾ ರಾತ್ರಿ ಹಡಗಿನ ಫೋಟೋಗ್ರಾಫರ್‌ಗಳು ಎಲ್ಲರನ್ನೂ ನಿಲ್ಲಿಸಿ ತೆಗೆದು ಡಾಲರ್ ಲೆಕ್ಕದಲ್ಲಿ ಮಾರುತ್ತಾರೆ. ಅಷ್ಟು ಕೊಟ್ಟು ತಂದ ಫೋಟೋದಲ್ಲಿ ಕೋಟು ಹೊಳೆಯುವುದನ್ನು ಕಂಡ ಗಿರಾಕಿಯ ಮುಖ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಆ ಕೋಟುಗಳನ್ನೆಲ್ಲ ವಾಪಸ್ ತೆಗೆದುಕೊಂಡು ಬೇರೆ ಹೊಲಿದುಕೊಟ್ಟೆ. ಬಟ್ಟೆ, ಕೂಲಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ನಂತರ ದಪ್ಪ ಉಲ್ಲನ್. ಸುಕ್ಕಿಲ್ಲ, ಹೊಳಪಿಲ್ಲ, ನಿಲುವು ಬಹಳ ಚಂದ. ಆದರೆ ಅದೇ ಕೋಟನ್ನು ಆತ ಊರಿನ ಮದುವೆಗೂ ಹಾಕಬೇಕಲ್ಲ? ಏಪ್ರಿಲ್ ತಿಂಗಳಲ್ಲಿ ಮಿಲಾಗ್ರಿಸ್ ಹಾಲ್‌ನಲ್ಲಿ ಅದನ್ನು ಹಾಕಿ ನಿಲ್ಲುವುದು ಯಾರಿಂದಲೂ ಆಗದು.

ನಮ್ಮಲ್ಲಿ ಹಿರಿಯರಾದ ಒಬ್ಬರು, ನನಗೆ ಕಟ್ಟಿಂಗ್ ಕಲಿಸಿದವರ ಸ್ನೇಹಿತರು, ಆಗ ಅಂಗಡಿಗೆ ಬಂದು ಕೂತು ಹೇಳಿದರು: "ಎಂತ ಮಾರಾಯ, ಈ ಸೆಕೆಯ ಊರಲ್ಲಿ ಕೋಟಿನ ಮೇಲೆ ಯಾಕೆ ಹೀಗೆ ಹಣ ಹಾಕುದು? ರೆಡಿಮೇಡ್ ಟಕ್ಸಿಡೊ ಬಾಡಿಗೆಗೆ ಸಿಗ್ತದೆ. ಅವರು ತಗೊಂಡು ಹೋಗ್ಲಿ." ನಾನು ಎದುರು ಮಾತಾಡಲಿಲ್ಲ. "ಇನ್ನೊಂದು ಸೀಸನ್ ನೋಡುವ, ದೊಡ್ಡವರೇ" ಎಂದೆ.

ಕೊನೆಗೆ ಗೆದ್ದದ್ದು ಟ್ರಾಪಿಕಲ್ ವೂಲ್-ಪಾಲಿಯೆಸ್ಟರ್ ಮಿಶ್ರಣ, ಮೀಟರಿಗೆ 220ರಿಂದ 240 ಗ್ರಾಂ ತೂಕದ್ದು, ನೂಲಿಗೆ ಹುರಿ ಹೆಚ್ಚು ಇರುವಂಥದ್ದು. ಮುಷ್ಟಿಯಲ್ಲಿ ಹತ್ತೆಣಿಸುವಷ್ಟು ಹೊತ್ತು ಹಿಂಡಿ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳಬೇಕು. ಹಾಗೆ ಹಿಂಡಿ ನೋಡದ ಬಟ್ಟೆಯನ್ನು ನಾನು ಈಗ ಕೊಳ್ಳುವುದೇ ಇಲ್ಲ, ಮಿಲ್ಲಿನ ಹೆಸರು ಎಷ್ಟು ದೊಡ್ಡದಿದ್ದರೂ. ಬಣ್ಣ ಕಪ್ಪೇ ಬೇಕೆಂದಿಲ್ಲ. ಕಪ್ಪಿನಷ್ಟೇ ಗಾಢವಾದ ನೀಲಿಯನ್ನು ನಾನು ಶಿಫಾರಸು ಮಾಡುತ್ತೇನೆ, ರಾತ್ರಿ ದೀಪದಲ್ಲಿ ಅದು ಕಪ್ಪಿಗಿಂತ ತುಂಬಿ ಕಾಣುತ್ತದೆ. ಕೋಟಿಗೂ ಎರಡೂ ಪ್ಯಾಂಟಿಗೂ ಒಂದೇ ಥಾನು (ಬಟ್ಟೆಯ ಸುರುಳಿ), ಒಂದೇ ಲಾಟು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎಂದು ಕಂಡ ಎರಡು ಕಪ್ಪು ಹಡಗಿನ ಹಳದಿ ದೀಪದಲ್ಲಿ ಬೇರೆ ಬೇರೆ ಕಾಣುತ್ತವೆ.

ಫ್ಯೂಸಿಂಗ್ ಪೂರ್ತಿ ಬಿಟ್ಟೆ. ಎದೆಗೆ ಮಾತ್ರ ಕ್ಯಾನ್ವಾಸು, ಅಂದರೆ ಒಳಗೆ ಗಟ್ಟಿ ಬಟ್ಟೆಯ ಪದರ, ಕೈಹೊಲಿಗೆ. ಬೆನ್ನಿಗೆ ಅರ್ಧ ಲೈನಿಂಗ್. ಶೋಲ್ಡರ್ ಪ್ಯಾಡ್ ತೆಳುವಾಗಿ ಒಂದೇ ಪದರ, ದಪ್ಪವಿದ್ದರೆ ಕೋಟು ಸುತ್ತಿಡುವಾಗ ಅಲ್ಲೇ ಗುರುತು ಬೀಳುತ್ತದೆ. ಕ್ಯಾನ್ವಾಸನ್ನು ಕತ್ತರಿಸುವ ಮೊದಲು ನಾನು ಒಂದು ರೀತಿ ಹದ ಮಾಡುತ್ತೇನೆ, ಒಂದು ರಾತ್ರಿಯ ಕೆಲಸ. ಅದರಿಂದಲೇ ಸುತ್ತಿಟ್ಟ ಕೋಟು ಬಿಚ್ಚಿದ ಅರ್ಧ ಗಂಟೆಯಲ್ಲಿ ನೆಟ್ಟಗಾಗುತ್ತದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ನನ್ನ ಹುಡುಗರಿಗೂ ಇನ್ನೂ ಹೇಳಿಕೊಟ್ಟಿಲ್ಲ. ಬಚ್ಚಲಿನಲ್ಲಿ ಕೋಟು ತೂಗುಹಾಕಿ ಬಿಸಿನೀರು ಬಿಟ್ಟು ಸ್ನಾನ ಮಾಡಿ ಎಂದು ಗಿರಾಕಿಗೆ ಹೇಳಿದರೆ ಉಳಿದ ಸಣ್ಣ ಗೆರೆಗಳೂ ಹೋಗುತ್ತವೆ.

ಕಾಲರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮದುವೆಯ ಬಂದ್‌ಗಲಾಕ್ಕೆ ನಾವು ಒಂದೂವರೆ ಇಂಚಿನ ಕಾಲರ್ ಇಡುತ್ತೇವೆ, ನಿಂತು ಫೋಟೋ ತೆಗೆಸಿಕೊಳ್ಳಲು ಅದು ಸರಿ. ಹಡಗಿನ ಡಿನ್ನರ್ ಒಂದೂವರೆ ಎರಡು ಗಂಟೆಯದು. ಸೂಪು, ಸಲಾಡು, ಮುಖ್ಯ ಊಟ, ಸಿಹಿ ಎಂದು ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಮೆನು ಓದಲು ತಲೆ ಬಗ್ಗಿಸಿದ ಕೂಡಲೇ ಎತ್ತರದ ಕಾಲರ್ ಗಂಟಲು ಕಚ್ಚುತ್ತದೆ, ಸಿಹಿ ಬರುವ ಹೊತ್ತಿಗೆ ಎಲ್ಲರೂ ಹುಕ್ಕು ಬಿಚ್ಚಿ ಕೂತಿರುತ್ತಾರೆ. ನಾನು ಒಂದೂಕಾಲು ಇಂಚಿಗೆ ಇಳಿಸಿ, ಮುಂದೆ ಸ್ವಲ್ಪ ಇಳಿಜಾರು ಕೊಟ್ಟು, ಕುತ್ತಿಗೆಗೆ ಅರ್ಧ ಇಂಚು ಸಡಿಲ ಬಿಟ್ಟೆ. ಒಳಗಡೆ ಗುಂಡಿ ಹಾಕಿ ತೆಗೆಯುವ ಬಿಳಿ ಪಟ್ಟಿ. ಹೊರಗೆ ಕಾಣುವುದು ಆ ಪಟ್ಟಿಯೇ ಆದ್ದರಿಂದ ಗಾಲಾ ರಾತ್ರಿಗೆ ಶರ್ಟೇ ಬೇಡ, ಒಳಗೆ ಬನಿಯನ್ ಇದ್ದರೆ ಸಾಕು. ಪಟ್ಟಿ ಎರಡು ಜೊತೆ ಕೊಡುತ್ತೇನೆ, ಬೇಸಿನ್ನಿನಲ್ಲಿ ಒಗೆದರೆ ಬೆಳಗ್ಗೆಗೆ ಒಣಗಿರುತ್ತದೆ. ಮೂರು ಶರ್ಟು ಉಳಿದ ರಾತ್ರಿಗಳಿಗೆ, ಕೋಟಿಲ್ಲದೆ ಪ್ಯಾಂಟಿನ ಮೇಲೆ.

ಪ್ಯಾಂಟಿನ ಸೊಂಟಕ್ಕೆ ಎರಡೂ ಬದಿ ಪಟ್ಟಿಯೊಳಗೆ ಅಡಗಿಸಿದ ಎಲಾಸ್ಟಿಕ್, ಹಿಂದೆ ಎರಡಿಂಚು ದಬ್ಬು (ಬೇಕಾದರೆ ಬಿಚ್ಚಿ ಸಡಿಲಿಸಲು ಒಳಗೆ ಬಿಟ್ಟ ಬಟ್ಟೆ). ಬೆಳಗ್ಗಿನಿಂದ ಮಧ್ಯರಾತ್ರಿವರೆಗೆ ತಿನ್ನಲು ಸಿಗುವ ಜಾಗ ಹಡಗು, ಐದನೇ ದಿನಕ್ಕೆ ಪ್ಯಾಂಟು ಬಿಗಿಯಾಗಿಯೇ ಆಗುತ್ತದೆ. ಜೇಬಿನ ಲೆಕ್ಕವೂ ಬೇರೆ. ಹಡಗಿನಲ್ಲಿ ಪರ್ಸು ಬೇಡ, ಬಾಗಿಲು ತೆರೆಯುವುದಕ್ಕೂ ಖರ್ಚಿಗೂ ಒಂದೇ ಕ್ಯಾಬಿನ್ ಕಾರ್ಡು. ಅದಕ್ಕೆ ಎಡ ಎದೆಯೊಳಗೆ ಸಣ್ಣ ಜೇಬು, ಪಕ್ಕದಲ್ಲಿ ಓದುವ ಕನ್ನಡಕಕ್ಕೆ ಉದ್ದ ಜೇಬು. ಕನ್ನಡಕದ ಜೇಬು ಒಂದಕ್ಕೇ ನನ್ನಲ್ಲಿಗೆ ಬಂದವರಿದ್ದಾರೆ.

ಗಾಳಿಗೆ ಕೋಟಿನ ಕೆಳಗಿನ ಅಂಚು ಹಾರುತ್ತದೆಯೇ ಎಂದು ನೋಡಬೇಕಿತ್ತು. ಡಿನ್ನರ್ ಮುಗಿಸಿ ಎಲ್ಲರೂ ಡೆಕ್ಕಿಗೆ ಹೋಗಿಯೇ ಹೋಗುತ್ತಾರೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿಯಲ್ಲಿ ಟ್ರಯಲ್ ಕೋಟು ಹಾಕಿಕೊಂಡು ಆಚೆ ಈಚೆ ಹೋಗಿ ಬಂದೆ. ಫಲ್ಗುಣಿ ನದಿಯ ಗಾಳಿ ಸಮುದ್ರದ ಗಾಳಿಗೆ ಸಮನಲ್ಲ, ಆದರೂ ಸೈಡ್ ವೆಂಟ್ (ಬದಿಯ ಸೀಳು) ಎರಡಿದ್ದರೆ ಹಾರುತ್ತದೆ, ವೆಂಟೇ ಇಲ್ಲದಿದ್ದರೆ ಕೂರುವಾಗ ಹಿಡಿಯುತ್ತದೆ ಎಂದು ಅಲ್ಲೇ ಗೊತ್ತಾಯಿತು. ಈಗ ನಡುವೆ ಒಂದೇ ಗಿಡ್ಡ ವೆಂಟು. ಕಬ್ಬಿಣದ ಹುಕ್ಕು ಬೇಡ, ಉಪ್ಪುಗಾಳಿಗೆ ತುಕ್ಕು ಬಂದು ಬಿಳಿ ಪಟ್ಟಿಗೆ ಕಲೆ ಹತ್ತುತ್ತದೆ. ಹಿತ್ತಾಳೆಯದು ಹಾಕಿ.

ಉಡುಪಿಯಿಂದ ಬಂದ ಒಬ್ಬ ಭಟ್ಟರು ಪಂಚೆಯೇ ಉಡುತ್ತೇನೆಂದು ಕೂತರು. ಬಂದ್‌ಗಲಾದ ಕೆಳಗೆ ರೇಷ್ಮೆ ಪಂಚೆಯ ಕಚ್ಚೆ. ಏಜೆಂಟನಿಂದ ಕಂಪನಿಗೆ ಮೊದಲೇ ಬರೆಸಿ ಒಪ್ಪಿಗೆ ತರಿಸಿದೆ. ಈ ಕೆಲಸ ಯಾರೂ ತಪ್ಪಿಸಬೇಡಿ, ಬಾಗಿಲಲ್ಲಿ ವಾದ ಮಾಡುವುದಕ್ಕಿಂತ ಕೈಯಲ್ಲಿ ಒಂದು ಕಾಗದ ಇರುವುದು ಒಳ್ಳೆಯದು. ಹಡಗಿನಲ್ಲಿ ಜಾರುವ ಭಯ ಬೇಡವೆಂದು ಕಚ್ಚೆಯನ್ನು ಹೊಲಿದೇ ಕೊಟ್ಟೆ, ಒಳಗೆ ಜೇಬಿಟ್ಟು. ಕಾಲಿಗೆ ಮುಚ್ಚಿದ ಮೋಜಡಿ. ಎರಡು ಗಾಲಾ ರಾತ್ರಿಯೂ ಅದರಲ್ಲೇ ಉಂಡು ಬಂದರು. ಬಂದ ಮೇಲೆ ಅವರ ಭಾವನಿಗೂ ಒಂದು ಬೇಕೆಂದು ಅಳತೆ ಕೊಡಿಸಿದರು.

ಹೆಂಡತಿಯ ಕಥೆ ಬೇರೆ. ಒಂದು ಗಾಲಾ ರಾತ್ರಿಗೆ ರೇಷ್ಮೆ, ಇನ್ನೊಂದಕ್ಕೆ ಉಡುಪಿ ಸೀರೆ ಎಂದಳು. 2016ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿದ ಸೀರೆ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಈಗಲೂ ಕೈಮಗ್ಗದಲ್ಲೇ ನೇಯುತ್ತಾರೆ. ಹತ್ತಿ ಸೀರೆ ಗಾಲಾಗೆ ಸಾಲದೇನೋ ಎಂದು ನನಗೇ ಅನುಮಾನವಿತ್ತು. ಗಂಜಿ ಇರುವ ಸೀರೆ ಮಡಚಿಟ್ಟರೆ ಮಡಿಕೆಯ ಗೆರೆ ಹೋಗುವುದೇ ಇಲ್ಲ. ಹಾಗಾಗಿ ಗಂಜಿ ಪೂರ್ತಿ ತೆಗೆದು, ಬಟ್ಟೆಯಂಗಡಿಯ ರಟ್ಟಿನ ಕೊಳವೆಗೆ ಸುತ್ತಿ ಒಯ್ದೆವು. ಮೇಲೆ ಪೂರ್ತಿ ತೋಳಿನ ರೇಷ್ಮೆ ಬ್ಲೌಸು, ಯಾಕೆಂದರೆ ಆ ಹಾಲಿನಲ್ಲಿ ಎಸಿ ಕೊರೆಯುತ್ತದೆ. ನಮ್ಮ ಮೇಜಿನಲ್ಲಿದ್ದ ಇಟಲಿಯ ದಂಪತಿ ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದರು, ಆಮೇಲೆ ನನ್ನ ಕೋಟಿನ ಕಾಲರ್ ಕಡೆ ಕಣ್ಣು ಹಾಯಿಸಿ ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು. ನಾನೇ ಹೊಲಿದದ್ದು ಎಂದೆ. ಅವರ ತಂದೆಯೂ ಟೈಲರಂತೆ! ಆ ರಾತ್ರಿ ಊಟಕ್ಕಿಂತ ಕ್ಯಾನ್ವಾಸಿನ ಮಾತೇ ಹೆಚ್ಚಾಯಿತು. ಜರಿ ಸೀರೆಯನ್ನು ಮಾತ್ರ ಡೆಕ್ಕಿಗೆ ಒಯ್ಯಬೇಡಿ, ಉಪ್ಪುಗಾಳಿಗೆ ಜರಿ ಕಪ್ಪಾಗುತ್ತದೆ.

ಗಿರಾಕಿಗೆ ತಪ್ಪದೆ ಹೇಳಬೇಕಾದ್ದು ಎರಡು. ಮೊದಲ ದಿನ ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು, ಆದ್ದರಿಂದ ಆ ರಾತ್ರಿಯ ಬಟ್ಟೆ ಕೈಚೀಲದಲ್ಲಿರಲಿ. ಕೊನೆಯ ರಾತ್ರಿ ಮಲಗುವ ಮೊದಲು ಪೆಟ್ಟಿಗೆಯನ್ನು ಬಾಗಿಲ ಹೊರಗೆ ಇಡಬೇಕು, ಮರುದಿನದ ಬಟ್ಟೆ ತೆಗೆದಿಟ್ಟುಕೊಳ್ಳದೆ ಪೈಜಾಮದಲ್ಲಿ ಉಳಿದವರ ಸುದ್ದಿ ನಾನು ಕೇಳಿದ್ದೇನೆ. ಈ ಎರಡೂ ರಾತ್ರಿ ಸಾಮಾನ್ಯವಾಗಿ ಗಾಲಾ ಇರುವುದಿಲ್ಲ.

ಲೆಕ್ಕ ಹೀಗೆ. ಬಟ್ಟೆ ಕೋಟಿಗೆ ಎರಡು ಮೀಟರ್, ಪ್ಯಾಂಟು ಒಂದಕ್ಕೆ ಒಂದೂಕಾಲು, ಒಟ್ಟು ನಾಲ್ಕೂವರೆ. ಮೀಟರಿಗೆ ಸಾವಿರದ ಒಂಬೈನೂರರ ಹಾಗೆ ಎಂಟೂವರೆ ಸಾವಿರ. ಕ್ಯಾನ್ವಾಸು, ಲೈನಿಂಗು, ಗುಂಡಿ ಸಾವಿರದ ಇನ್ನೂರು. ಕೂಲಿ ಆರೂವರೆ ಸಾವಿರ. ಶರ್ಟು ಬಿಟ್ಟು ಹದಿನಾರು ಹದಿನೇಳು ಸಾವಿರಕ್ಕೆ ಮುಗಿಯುತ್ತದೆ. ಒಂದು ಕೋಟಿನ ಕೈಕೆಲಸವೇ ಎರಡು ದಿನ ಹಿಡಿಯುತ್ತದೆ, ಆದ್ದರಿಂದ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ನನಗೆ ಬುದ್ಧಿ ಹೇಳಿದ ಆ ಹಿರಿಯರು ಹೋದ ತಿಂಗಳು ತಮ್ಮ ಗಿರಾಕಿಯೊಬ್ಬರನ್ನು ನನ್ನಲ್ಲಿಗೆ ಕಳಿಸಿದರು, ಜೊತೆಗೆ ಕೂಲಿ ಸ್ವಲ್ಪ ಕಡಿಮೆ ಮಾಡು ಎಂಬ ಚೀಟಿ. ಕೂಲಿ ಕಡಿಮೆ ಮಾಡಲಿಲ್ಲ, ಬಿಳಿ ಪಟ್ಟಿ ಒಂದು ಜೊತೆ ಹೆಚ್ಚು ಕೊಟ್ಟೆ. ನೀವೂ ಆರು ಸಾವಿರಕ್ಕಿಂತ ಕೆಳಗೆ ಇಳಿಯಬೇಡಿ. ಇಳಿದರೆ ಮತ್ತೆ ಎಲ್ಲರೂ ಫ್ಯೂಸಿಂಗಿಗೆ ಹೋಗುತ್ತಾರೆ.