ಪಟಾಕಿಗೆ ಹೆದರುವ ನಾಯಿಗೆ ಫೆರೋಮೋನ್: ಬಳಸುವುದು ಹೇಗೆ?

ದೀಪಾವಳಿಗೆ ಎರಡು ವಾರ ಇರುವಾಗಲೇ ಫೆರೋಮೋನ್ ಬಳಕೆ ಶುರುವಾಗಬೇಕು. ನರಕ ಚತುರ್ದಶಿಯ ನಸುಕಿನಲ್ಲಿ ಮೊದಲ ಪಟಾಕಿ ಸಿಡಿದು, ನಾಯಿ ಮಂಚದಡಿ ನುಗ್ಗಿ ನಡುಗತೊಡಗಿದ ಮೇಲೆ ಅಂಗಡಿಗೆ ಓಡಿ ಹೆಚ್ಚು ಪ್ರಯೋಜನವಿಲ್ಲ.

ಹಾಲೂಡಿಸುವ ತಾಯಿನಾಯಿಯ ಮೊಲೆಗಳ ನಡುವಿನ ಚರ್ಮದ ಗ್ರಂಥಿಗಳಿಂದ ಫೆರೋಮೋನ್ ಎಂಬ ಸ್ರಾವ, ಅಂದರೆ ತನ್ನ ಜಾತಿಯ ಪ್ರಾಣಿಗೆ ಸಂಕೇತ ಕೊಡುವ ರಾಸಾಯನಿಕ, ಹೊಮ್ಮುತ್ತದೆ. ಮರಿಗಳು ಅದರಿಂದ ಧೈರ್ಯ ತಂದುಕೊಳ್ಳುತ್ತವೆ. ಅದರ ಕೃತಕ ರೂಪವೇ ಅಡಾಪ್ಟಿಲ್‌ನಂತಹ ಉತ್ಪನ್ನಗಳಲ್ಲಿರುವುದು. ಮನುಷ್ಯರ ಮೂಗಿಗೆ ಇದರ ವಾಸನೆ ತಿಳಿಯುವುದಿಲ್ಲ. ಬೆಕ್ಕಿನ ಫೆರೋಮೋನ್ ಬೇರೆಯೇ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಕೊಳ್ಳಿ. ಲ್ಯಾವೆಂಡರ್ ಅಗರಬತ್ತಿ, ಸುಗಂಧ ತೈಲಗಳು ಇದಕ್ಕೆ ಬದಲಿಯಲ್ಲ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ.

ಮನೆಯಲ್ಲೇ ಇರುವ ನಾಯಿಗೆ, ಪ್ಲಗ್‌ಗೆ ಸಿಕ್ಕಿಸಿದರೆ ಫೆರೋಮೋನನ್ನು ಆವಿಯಾಗಿ ಹರಡುವ ಡಿಫ್ಯೂಸರ್ ಸರಿ. ಒಂದು ಡಿಫ್ಯೂಸರ್ 50ರಿಂದ 70 ಚದರ ಮೀಟರ್ ಜಾಗಕ್ಕೆ, ಸುಮಾರು ಒಂದು ತಿಂಗಳು ಸಾಕಾಗುತ್ತದೆ. ಜನ ಎಡವುವುದು ಜಾಗದ ಆಯ್ಕೆಯಲ್ಲಿ. ನಮ್ಮ ಮನೆಗಳಲ್ಲಿ ಖಾಲಿ ಪ್ಲಗ್ ಸಿಗುವುದು ಸಾಮಾನ್ಯವಾಗಿ ಸೋಫಾದ ಹಿಂದೆ, ಇಲ್ಲವೇ ಪರದೆಯ ಮರೆಯಲ್ಲಿ. ಅಲ್ಲಿ ಹಾಕಿದರೆ ಆವಿ ಅಲ್ಲೇ ಅಡಗಿ ಕೂರುತ್ತದೆ. ನಾಯಿ ಹೆಚ್ಚು ಹೊತ್ತು ಮಲಗುವ ಕೋಣೆಯಲ್ಲಿ, ಸುತ್ತ ತೆರವಾಗಿರುವ ಪ್ಲಗ್‌ಗೆ ನೆಟ್ಟಗೆ ಸಿಕ್ಕಿಸಿ, ಹಗಲು ರಾತ್ರಿ ಚಾಲೂ ಇಡಿ. ಕರೆಂಟ್ ಉಳಿಸಲೆಂದು ರಾತ್ರಿ ಆರಿಸುವ ಅಭ್ಯಾಸ ಇಲ್ಲಿ ಬೇಡ.

ಹೊರಗೆ ಓಡಾಡುವ ನಾಯಿಗೆ ಫೆರೋಮೋನ್ ಇರುವ ಕೊರಳಪಟ್ಟಿ ಮೇಲು. ಅದು ಮೈಬಿಸಿಯಿಂದ ಕೆಲಸ ಮಾಡುವಂಥದ್ದು, ಹಾಗಾಗಿ ಚರ್ಮಕ್ಕೆ ತಾಗಿರಬೇಕು. ಕೆಳಗೆ ಎರಡು ಬೆರಳು ತೂರುವಷ್ಟೇ ಸಡಿಲ ಸಾಕು. ಸ್ನಾನ ಮಾಡಿಸುವಾಗ ಬಿಚ್ಚಿಡಿ. ಕಾರಿನ ಪ್ರಯಾಣಕ್ಕೆ, ಆಸ್ಪತ್ರೆಯ ಭೇಟಿಗೆ ಸ್ಪ್ರೇ ಇದೆ. ಅದನ್ನು ಹಾಸಿಗೆಗೋ ಸೀಟಿಗೋ ಸಿಂಪಡಿಸಿ, ಹದಿನೈದು ನಿಮಿಷ ಬಿಟ್ಟು ನಾಯಿಯನ್ನು ಹತ್ತಿಸಿ. ಸ್ಪ್ರೇಯಲ್ಲಿರುವ ಆಲ್ಕೋಹಾಲ್‌ನ ವಾಸನೆ ಆರಬೇಕು. ನಾಯಿಯ ಮೈಮೇಲೆ ಮಾತ್ರ ಸಿಂಪಡಿಸಬೇಡಿ.

ಇದು ನಿದ್ರೆಯ ಮದ್ದಲ್ಲ. ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಕೆಲವು ನಾಯಿಗಳಿಗೆ ಹಿತವಾಗುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ಸಂಜೆಯಾಗುವ ಮೊದಲೇ ನಡೆದಾಡಿಸಿ ತನ್ನಿ, ಕಿಟಕಿ ಮುಚ್ಚಿ, ಟಿವಿ ಹಾಕಿ, ಅದು ಅಡಗುವ ಮೂಲೆಗೆ ಹಳೆಯ ಕಂಬಳಿ ಹಾಸಿ. ಹೆದರಿದಾಗ ಮುದ್ದಿಸಿದರೆ ಭಯ ಹೆಚ್ಚುತ್ತದೆ ಎನ್ನುವ ಮಾತನ್ನು ನಂಬಬೇಡಿ, ಬಳಿ ಬಂದರೆ ಸವರಿ. ಊಟ ಬಿಟ್ಟು, ಜೊಲ್ಲು ಸುರಿಸಿ, ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ಮಟ್ಟದ ಭಯವಿದ್ದರೆ ಪಶುವೈದ್ಯರ ಔಷಧವೇ ಬೇಕು. ಅದಕ್ಕೂ ಹಬ್ಬಕ್ಕೆ ಮೊದಲೇ ಹೋಗಿ.

ಬಲಿಪಾಡ್ಯಮಿ ಮುಗಿಯಿತೆಂದು ಡಿಫ್ಯೂಸರ್ ಕಿತ್ತಿಡಬೇಡಿ. ಉಳಿದ ಪಟಾಕಿ ತುಳಸಿ ಹಬ್ಬದ ರಾತ್ರಿ ಹೊರಬರುತ್ತದೆ.